ಮೂರು ಮಳೆಗಾಲ ದಾಟಿದ ನಮ್ಮ ಓಮ್ನಿ

ಈ ಸಲದ ಮಳೆ ಮುಗಿದ ಮೇಲೆ ಮಾರುತಿ ಓಮ್ನಿಯ ಹಿಂದಿನ ವೀಲ್ ಆರ್ಚ್, ಅಂದರೆ ಚಕ್ರದ ಮೇಲಿನ ಕಮಾನಿನ ಮೇಲೆ ಬೆರಳಾಡಿಸಿ ನೋಡಿದೆ. ತುಕ್ಕಿನ ಒಂದು ಗುಳ್ಳೆಯೂ ಇಲ್ಲ. ಮನೆಯಲ್ಲೇ ತುಕ್ಕು ತೆಗೆದು ಬಣ್ಣ ಹೊಡೆದು ಮೂರು ಮಳೆಗಾಲ ಆಯ್ತು. "ತುಕ್ಕು ಹಿಡಿದರೆ ತಗಡು ಕತ್ತರಿಸಿ ವೆಲ್ಡ್ ಮಾಡ್ಲೇಬೇಕು ಮಾರಾಯ, ಮನೇಲಿ ಆಗೋ ಕೆಲಸ ಅಲ್ಲ" ಎಂದಿದ್ದ ಭಾವ ಮೊನ್ನೆ ಬಂದು ತಮ್ಮ ಕಾರಿನ ತುಕ್ಕು ಹಿಡಿದ ಬಾಗಿಲು ತೋರಿಸಿ ಹೋದರು.

ನಮ್ಮ ಮನೆ ಮರವಂತೆ ಹತ್ತಿರ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಗಾಡಿ ತೊಳೆದ ಮರುದಿನವೇ ಗಾಜಿನ ಮೇಲೆ ಉಪ್ಪಿನ ಅಂಟು. 2006ರ ಬಿಳಿ ಓಮ್ನಿಗೆ ಐದಾರು ಕಡೆ ತುಕ್ಕು ಎದ್ದಿತ್ತು. ಟಿಂಕರಿಂಗ್, ಪೇಂಟಿಂಗ್ ಸೇರಿ 14,000 ಕೇಳಿದರು. ಮಾರಿದರೆ ಬರುವುದೇ ಎಷ್ಟು, ಅಲ್ವಾ?

ಮೊದಲ ಸಲ ಮೇಲಿಂದ ಉಜ್ಜಿ, ಪುಟ್ಟಿ ಮೆತ್ತಿ, ಸ್ಪ್ರೇ ಕ್ಯಾನ್ ಹೊಡೆದೆ. 900 ರೂಪಾಯಿ ಹೋಯಿತು. ಆಗಸ್ಟಿಗೆ ಗುಳ್ಳೆ. ಸೂಜಿಯಲ್ಲಿ ಚುಚ್ಚಿದರೆ ಕಂದು ನೀರು ಒಸರಿ ಬಿಳಿ ಬಣ್ಣದ ಮೇಲೆ ಗೆರೆಯಾಗಿ ಇಳಿಯಿತು. ಪುಟ್ಟಿ ನೀರು ಹೀರಿಕೊಂಡು ಕೂತಿತ್ತು. ಎರಡನೇ ಸಲ ಜುಲೈನಲ್ಲಿ ಮಳೆ ಬಿಟ್ಟ ಎರಡು ದಿನ ನೋಡಿ ಬಣ್ಣ ಹೊಡೆದೆ. ಗಾಳಿಯ ತೇವಕ್ಕೆ ಹೊಳಪೇ ಬರಲಿಲ್ಲ, ಸುಣ್ಣ ಬಳಿದ ಹಾಗೆ ಮಂಕಾಯಿತು. ಮೂರನೇ ಸಲ ಬರಿ ತಗಡನ್ನು ನೀರು ಹಾಕಿ ಉಜ್ಜಿ ಊಟಕ್ಕೆ ಹೋದೆ. ಬರುವಷ್ಟರಲ್ಲಿ ಅದರ ಮೇಲೆ ಕೇಸರಿ ಪುಡಿ. ಇದರಲ್ಲೆಲ್ಲ ಸುಮಾರು 2,500 ಕಳೆದೆ.

ಸ್ಲೈಡಿಂಗ್ ಬಾಗಿಲಿನ ತುಕ್ಕು ಹೊರಗಿನದ್ದೇ ಅಲ್ಲ ಎಂದು ಆಮೇಲೆ ಗೊತ್ತಾಯಿತು. ಅಡಿಯಲ್ಲಿ ನೀರು ಇಳಿಯುವ ತೂತುಗಳು ಧೂಳು, ತೆಂಗಿನ ನಾರು ಸೇರಿ ಕಟ್ಟಿದ್ದವು. ಸೈಕಲ್ ಕಡ್ಡಿ ಹಾಕಿದರೆ ಅರ್ಧ ಲೋಟ ಕೆಸರು ಬಂತು. ಅದನ್ನು ಬಿಡಿಸದೆ ಹೊರಗೆ ಏನು ಬಳಿದರೂ ಸುಮ್ನೆ.

ಕೊನೆಗೆ ಬಾಳಿಕೆ ಬಂದದ್ದು ಜನವರಿಯಲ್ಲಿ ಮಾಡಿದ ಕೆಲಸ. ವೈರ್ ಬ್ರಷ್, 80 ನಂಬರಿನ ಒರಟು ಎಮರಿ ಕಾಗದ, ಉಜ್ಜಿದ್ದೆಲ್ಲ ಒಣಗಿಯೇ. ಕಂಡ ತುಕ್ಕಿಗಿಂತ ಎರಡು ಬೆರಳು ಆಚೆಯವರೆಗೆ ಬಣ್ಣ ತೆಗೆದೆ. ಸ್ಕ್ರೂಡ್ರೈವರಿನಲ್ಲಿ ಕುಟ್ಟಿ ನೋಡಿದೆ, ತೂತಾಗಲಿಲ್ಲ. ತೂತಾದರೆ ಈ ದಾರಿ ಬೇಡ. ಗುಳಿಗಳೊಳಗಿನ ಕಪ್ಪು ಚುಕ್ಕೆಗಳು ಎಮರಿಗೆ ಸಿಗುವುದಿಲ್ಲ. ಅಲ್ಲಿಗೆ ಫಾಸ್ಫಾರಿಕ್ ಆಸಿಡ್ ಇರುವ, ತುಕ್ಕನ್ನು ಬೇರೆ ಗಟ್ಟಿ ಪದರವಾಗಿ ಮಾಡುವ ರಸ್ಟ್ ಕನ್ವರ್ಟರನ್ನು ಹಳೆ ಟೂತ್ ಬ್ರಷ್ಷಿನಲ್ಲಿ ತಿಕ್ಕಿದೆ. ಒಂದು ದಿನ ಬಿಟ್ಟು ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಕೂಡಲೇ ಹೇರ್ ಡ್ರೈಯರ್ ಹಿಡಿದು ಒಣಗಿಸಿದೆ. ಮೊದಲು ತಗಡಿಗೆ ನೀರು ತಾಗದಂತೆ ತಡೆಯುವ ಅಡಿಬಣ್ಣ, ಎಪಾಕ್ಸಿ ಪ್ರೈಮರ್, ಅದರ ಮೇಲೆ ತೆಳ್ಳಗೆ ಪುಟ್ಟಿ, ಮತ್ತೆ ಪ್ರೈಮರ್. ಈ ಕ್ರಮ ತಪ್ಪಿಸಬೇಡಿ. ಒರೆಸಲು ಸೀಮೆಎಣ್ಣೆ ಬೇಡವೇ ಬೇಡ. ಜಿಡ್ಡು ಉಳಿದು ಬಣ್ಣದಲ್ಲಿ ಮೀನಿನ ಕಣ್ಣಿನಂಥ ಕುಳಿ ಬೀಳುತ್ತವೆ.

ನಡುವೆ ಹುಣಸೆ ನೀರನ್ನೂ ನೋಡಿದೆ. ಎರಡು ದಿನ ನೆನೆದ ಬೋಲ್ಟು ಚೆನ್ನಾಗಿ ಬೆಳ್ಳಗಾಯಿತು, ಆದರೆ ಗಾಡಿಯ ಮೈಮೇಲೆ ಅದು ನಿಲ್ಲದೆ ಇಳಿದುಹೋಗುತ್ತದೆ. ದೋಣಿಗೆ ಬಳಿಯುವ ಗೇರೆಣ್ಣೆಯನ್ನು ಒಂದು ತಗಡಿನ ತುಂಡಿಗೆ ಹಚ್ಚಿ ಬೇಲಿಗೆ ಕಟ್ಟಿದ್ದೇನೆ. ಒಂದು ಮಳೆಗೆ ಏನೂ ಆಗಿಲ್ಲ. ಕೈಗೆ ತಾಗಿಸಿಕೊಳ್ಳಬೇಡಿ, ಚರ್ಮ ಸುಟ್ಟು ಬೊಕ್ಕೆ ಬರುತ್ತದೆ. ಬಾಗಿಲಿನ ಒಳಗೆ ಮಾತ್ರ ಕ್ಯಾವಿಟಿ ವ್ಯಾಕ್ಸನ್ನೇ, ಅಂದರೆ ಟೊಳ್ಳು ಜಾಗಕ್ಕೆ ಸ್ಪ್ರೇ ಮಾಡುವ ಮೇಣವನ್ನೇ ಹೊಡೆದೆ.

ಬಣ್ಣವನ್ನು ಕಂಪನಿಯ ಬಿಳಿಯ 26ಯು ಕೋಡ್ ಹೇಳಿ ಕಾಲು ಲೀಟರ್ ಕಲಸಿಸಿದೆ. ಹಳೆ ಬಿಳುಪಿನ ಪಕ್ಕ ಹೊಸದು ಎದ್ದು ಕಂಡಿತು. ಅದಕ್ಕೆ ಒಂದೆರಡು ಹನಿ ಬೇರೆ ಬಣ್ಣ ಸೇರಿಸಿ ಸರಿಮಾಡಿದೆ. ಯಾವುದು, ಎಷ್ಟು ಎನ್ನುವುದು ನನ್ನ ಹತ್ತಿರವೇ ಇರಲಿ. ವಾರ ಬಿಟ್ಟು 2000 ನಂಬರಿನ ನುಣುಪು ಎಮರಿ, ಆಮೇಲೆ ಹೊಳಪು ತರುವ ಕಾಂಪೌಂಡ್. ಬಾಡಿಗೆ ಕಂಪ್ರೆಸರ್ ಸೇರಿ ಈ ಸುತ್ತಿಗೆ 3,200 ಆಗಿರಬಹುದು. ಬಿಸಿಲಿನಲ್ಲಿ ಓರೆಯಾಗಿ ನಿಂತು ನೋಡಿದರೂ ತೇಪೆಯ ಅಂಚು ಸಿಗುವುದಿಲ್ಲ.

ಭಾವನ ಕಾರನ್ನು ಜನವರಿ ಬರುವ ತನಕ ಮುಟ್ಟುವುದಿಲ್ಲ ಎಂದು ಹೇಳಿದ್ದೇನೆ.