ಕೆಂಪಾದ ಮದುವೆ ಫೋಟೊಗೆ ಮತ್ತೆ ಬಣ್ಣ

1970–80ರ ದಶಕದ ಮದುವೆ ಆಲ್ಬಂ ತೆರೆದರೆ ಧಾರೆ ಸೀರೆ, ಬಾಳೆಕಂಬ, ಪುರೋಹಿತರ ಶಲ್ಯ ಎಲ್ಲವೂ ಒಂದೇ ಕೆಂಪಿಗೆ ತಿರುಗಿರುತ್ತವೆ. ಕಲರ್ ಪ್ರಿಂಟಿನಲ್ಲಿ ಸಯಾನ್ (ಹಸಿರು ಬೆರೆತ ನೀಲಿ), ಮೆಜೆಂಟಾ (ನೇರಳೆ ಬೆರೆತ ಕೆಂಪು), ಹಳದಿ ಎಂಬ ಮೂರು ಬಣ್ಣದ ಪದರಗಳಿವೆ. ಆ ಕಾಲದ ಬಹುಪಾಲು ಕಾಗದಗಳಲ್ಲಿ, ಬೀರುವಿನ ಕತ್ತಲಲ್ಲಿಟ್ಟರೂ, ಮೊದಲು ಸೋತದ್ದು ಸಯಾನ್. ಕೆಂಪು ಬೆಳಕನ್ನು ಹೀರುವುದು ಅದರ ಕೆಲಸ. ಅದು ತೆಳುವಾದಾಗ ಕಪ್ಪು ಕೂದಲು, ಹಸಿರು ಮಾವಿನೆಲೆ ಎಲ್ಲದರಿಂದಲೂ ಕೆಂಪು ಹೊರಬೀಳುತ್ತದೆ. ಗೋಡೆಯ ಮೇಲೆ ವರ್ಷಗಟ್ಟಲೆ ಬೆಳಕು ಕಂಡ ಫೋಟೊಗಳಲ್ಲಿ ಮೆಜೆಂಟಾ ಅಥವಾ ಹಳದಿ ಮೊದಲು ಸವೆದಿರಬಹುದು. ಆದ್ದರಿಂದ ಫೋಟೊಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಬಣ್ಣ ಮರಳಿಸುವಾಗ ಒಂದು ಫೋಟೊಗೆ ಹೊಂದಿದ ಅಳತೆಯನ್ನು ಇನ್ನೊಂದಕ್ಕೆ ಕಣ್ಣುಮುಚ್ಚಿ ಹಾಕಬೇಡಿ.

ಸ್ಕ್ಯಾನರಿನ ಗಾಜಿನ ಮೇಲಿಡುವ ಮುನ್ನ

ಫೋಟೊದ ಧೂಳನ್ನು ಮೆತ್ತನೆಯ ಒಣ ಬ್ರಶ್‌ನಿಂದ ಸರಿಸಿ, ಸ್ಕ್ಯಾನರಿನ ಗಾಜನ್ನು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಫೋಟೊಗೆ ನೀರು ತಾಗಿಸಬಾರದು. ಬಣ್ಣವನ್ನು ಹಿಡಿದಿರುವುದು ಜೆಲಾಟಿನ್. ತೇವ ಕಂಡರೆ ಉಬ್ಬಿ ಅಂಟಾಗುತ್ತದೆ. ಮಲೆನಾಡು, ಕರಾವಳಿಯ ಮನೆಗಳ ಫೋಟೊಗಳಲ್ಲಿ ಬೂಷ್ಟು ತಿನ್ನುವುದೂ ಆ ಜೆಲಾಟಿನ್ನನ್ನೇ, ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಬೂಷ್ಟಿನ ಜೊತೆ ಮುಖವೂ ಎದ್ದುಬರುತ್ತದೆ.

ಅಂಟು ಗೆರೆಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಆಲ್ಬಮ್ಮಾದರೆ ಡೆಂಟಲ್ ಫ್ಲಾಸ್ ದಾರವನ್ನು ಫೋಟೊದ ಮೂಲೆಯಿಂದ ಹಿಂಬದಿಗೆ ತೂರಿಸಿ, ಗರಗಸದಂತೆ ನಿಧಾನವಾಗಿ ಆಡಿಸಿ. ಬಿಡದಿದ್ದರೆ ಹಟ ಬೇಡ, ಪ್ಲಾಸ್ಟಿಕ್ ಎತ್ತಿ ಪುಟವನ್ನೇ ಸ್ಕ್ಯಾನ್ ಮಾಡಿ. ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೊವನ್ನಂತೂ ಎಳೆಯಲೇಬಾರದು. ಪ್ರಿಂಟರ್ ಜೊತೆ ಬರುವ ತೆಳು ಸ್ಕ್ಯಾನರುಗಳಿಗೆ ತಮ್ಮ ಗಾಜಿಗೆ ತಾಗಿದ್ದನ್ನು ಬಿಟ್ಟು ಬೇರೆಲ್ಲ ಮಸುಕಾಗಿ ಕಾಣುತ್ತದೆ. ಇಂಥದ್ದನ್ನು ನೆರಳಿನ ಹಗಲು ಬೆಳಕಿನಲ್ಲಿ, ಗಾಜಿನಲ್ಲಿ ಪ್ರತಿಬಿಂಬ ಬೀಳದಂತೆ ನಿಂತು ಕ್ಯಾಮೆರಾದಲ್ಲಿ ತೆಗೆಯುವುದೇ ಮೇಲು.

ಸ್ಕ್ಯಾನ್ ಹೀಗಿರಲಿ

600 ಡಿಪಿಐ (ಇಂಚಿಗೆ 600 ಚುಕ್ಕಿ), 48 ಬಿಟ್ ಕಲರ್, ಟಿಫ್ ಫೈಲ್ (ಗುಣಮಟ್ಟ ಕುಗ್ಗಿಸದೆ ಉಳಿಸುವ ಬಗೆ). 4×6 ಇಂಚಿನ ಒಂದು ಫೋಟೊ ಸುಮಾರು 52 ಎಂಬಿ ಆಗುತ್ತದೆ. ಅಷ್ಟೇ ಅಳತೆಗೆ ಮತ್ತೆ ಪ್ರಿಂಟ್ ಹಾಕಿಸುವುದಾದರೆ 300 ಡಿಪಿಐ ಸಾಕು, ಆದರೆ 48 ಬಿಟ್ ಬಿಡಬೇಡಿ. 24 ಬಿಟ್ ಸ್ಕ್ಯಾನಿನಲ್ಲಿ ಕೆಂಪು, ಹಸಿರು, ನೀಲಿ ಎಂಬ ಒಂದೊಂದು ಬಣ್ಣದ ಚಾನೆಲ್‌ಗೆ 256 ಮೆಟ್ಟಿಲು ಮಾತ್ರ. ಮಾಸಿದ ಫೋಟೊದ ಕೆಂಪು ಚಾನೆಲ್ ಅದರಲ್ಲಿ ನೂರೈವತ್ತನ್ನಷ್ಟೇ ಬಳಸಿರುತ್ತದೆ. ಅದನ್ನು ಹಿಗ್ಗಿಸಿದಾಗ ಆಕಾಶದಲ್ಲಿ, ಗೋಡೆಯಲ್ಲಿ ಪಟ್ಟೆಪಟ್ಟೆ ಎದ್ದು ಕಾಣುತ್ತದೆ.

ಸ್ಕ್ಯಾನರಿನ ಆಟೊ ಕಲರ್, ಶಾರ್ಪನಿಂಗ್ ಎರಡನ್ನೂ ಆಫ್ ಮಾಡಿ. ಎಪ್ಸನ್‌ನ ‘ಕಲರ್ ರೆಸ್ಟೊರೇಶನ್’, ಕ್ಯಾನನ್‌ನ ‘ಫೇಡಿಂಗ್ ಕರೆಕ್ಷನ್’ ನೂರಾರು ಫೋಟೊಗಳನ್ನು ಒಂದೇ ಭಾನುವಾರ ಮುಗಿಸಲು ಅಡ್ಡಿಯಿಲ್ಲ. ಜತನ ಮಾಡಬೇಕಾದ ಹತ್ತು ಫೋಟೊಗಳಿಗೆ ಕೈಕೆಲಸವೇ ಸರಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೊ ಸೀಲು, ತಾರೀಖು ಇರುವುದು ಅಲ್ಲೇ.

ಸಿಲ್ಕ್ ಫಿನಿಶ್ ಕಾಗದ ಒಂದು ತಲೆನೋವು. ಅದರ ಉಬ್ಬುತಗ್ಗುಗಳು ಸ್ಕ್ಯಾನರಿನ ಬೆಳಕಿಗೆ ಮಿಂಚಿ, ಚಿತ್ರದ ತುಂಬ ಬಿಳಿ ಚುಕ್ಕಿ ಬೀಳುತ್ತವೆ. ಒಮ್ಮೆ ಸ್ಕ್ಯಾನ್ ಮಾಡಿ, ಫೋಟೊವನ್ನು 180 ಡಿಗ್ರಿ ತಿರುಗಿಸಿಟ್ಟು ಇನ್ನೊಮ್ಮೆ ಮಾಡಿ. ಎರಡನೆಯದನ್ನು ಕಂಪ್ಯೂಟರಿನಲ್ಲಿ ನೇರಕ್ಕೆ ತಂದು ಮೊದಲನೆಯದರ ಮೇಲೆ ಲೇಯರ್ ಆಗಿ ಕೂರಿಸಿ, ಅದರ ಒಪಾಸಿಟಿಯನ್ನು (ಅಪಾರದರ್ಶಕತೆ) ಶೇ 50ಕ್ಕೆ ಇಳಿಸಿ. ಬೆಳಕು ಎದುರು ದಿಕ್ಕಿನಿಂದ ಬಿದ್ದಿರುವುದರಿಂದ ಚುಕ್ಕಿಗಳು ಬಹುಮಟ್ಟಿಗೆ ಅಡಗುತ್ತವೆ. ಎರಡೂ ಕೂದಲೆಳೆಯಷ್ಟೂ ತಪ್ಪದಂತೆ ಕೂರಬೇಕು, ಕಣ್ಣುರೆಪ್ಪೆಯನ್ನು ದೊಡ್ಡದು ಮಾಡಿ ನೋಡಿಕೊಳ್ಳಿ.

ಕೆಂಪಿನಿಂದ ಶುರು

ಉಚಿತವಾಗಿ ಸಿಗುವ, ಫೋಟೊ ತಿದ್ದುವ ಸಾಫ್ಟ್‌ವೇರ್ ಜಿಂಪ್ 2.10 ಅಥವಾ ನಂತರದ್ದು ಸಾಕು. ಮೂಲ ಫೈಲಿನ ನಕಲು ಮಾಡಿ, ಬಿಳಿ ಅಂಚನ್ನು ಕತ್ತರಿಸಿ. ಅಂಚು ಉಳಿದರೆ ಅದರ ಬಿಳುಪೂ ಲೆಕ್ಕಕ್ಕೆ ಸೇರಿ ದಾರಿ ತಪ್ಪಿಸುತ್ತದೆ. ‘ಕಲರ್ಸ್’ ಮೆನುವಿನಲ್ಲಿ ‘ಲೆವೆಲ್ಸ್’ ತೆರೆದು, ಚಾನೆಲ್ಲನ್ನು ‘ವ್ಯಾಲ್ಯೂ’ನಿಂದ ‘ರೆಡ್’ಗೆ ಬದಲಿಸಿ.

ಕಪ್ಪಿನಿಂದ ಬಿಳುಪಿನವರೆಗೆ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂನ ಗುಡ್ಡ ಬಲಕ್ಕೆ ಒತ್ತಿಕೊಂಡಿರುತ್ತದೆ. 48 ಬಿಟ್ ಫೈಲಿಗೆ ಇಲ್ಲಿನ ಅಂಕಿ 0–100ರಲ್ಲಿರುತ್ತದೆ; ಗುಡ್ಡ 35ರಿಂದ ಶುರುವಾಗಿ 96ಕ್ಕೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಎಡಗಡೆಯ ಕಪ್ಪು ತ್ರಿಕೋನವನ್ನು 34ಕ್ಕೆ, ಬಲದ ಬಿಳಿಯದನ್ನು 97ಕ್ಕೆ ತನ್ನಿ. ಆಗ ಚಿತ್ರ ಥಟ್ಟನೆ ಹಸಿರು, ನೀಲಿಗೆ ವಾಲಿದರೆ ಗಾಬರಿ ಬೇಡ, ಇನ್ನೆರಡು ಚಾನೆಲ್ ಬಾಕಿ ಇವೆ. ‘ಗ್ರೀನ್’ನಲ್ಲೂ ಗುಡ್ಡದ ಎರಡು ತುದಿಗೆ ಹೀಗೇ ಮಾಡಿ. ‘ಬ್ಲೂ’ನಲ್ಲಿ ಗುಡ್ಡ 75ರ ಹತ್ತಿರವೇ ಮುಗಿದಿದ್ದರೆ ಕಾಗದ ಹಳದಿಗಟ್ಟಿದೆ ಎಂದರ್ಥ. ಬಿಳಿ ತ್ರಿಕೋನವನ್ನು ಅಲ್ಲಿಗೆ ಎಳೆದರೆ ಹಳದಿ ಇಳಿಯುತ್ತದೆ.

ಇನ್ನೂ ಕೆಂಪು ಉಳಿದರೆ ‘ರೆಡ್’ನ ನಡುವಿನ ತ್ರಿಕೋನವನ್ನು ಬಲಕ್ಕೆ ಸರಿಸಿ, 1.00 ಇದ್ದದ್ದು 0.90–0.85 ಆಗಲಿ. ನೆರಳು ಕೆಂಪಾಗಿಯೇ ಇದ್ದು ಬಿಳಿ ಭಾಗ ಹಸಿರಾಗುತ್ತಿದ್ದರೆ ಲೆವೆಲ್ಸ್‌ನಿಂದ ಆಗದು. ‘ಕರ್ವ್ಸ್’ ತೆರೆದು, ಕೆಂಪು ಚಾನೆಲ್‌ನಲ್ಲಿ ನೆರಳಿನ ಕಡೆ ಒಂದು ಬಿಂದು ಕೆಳಗೆ, ಬೆಳಕಿನ ಕಡೆ ಒಂದು ಬಿಂದು ತುಸು ಮೇಲೆ ಎಳೆಯಿರಿ.

ಸರಿಯಾಯಿತೆಂದು ತಿಳಿಯುವುದು ಹೇಗೆ?

ಬಿಳಿ ಪಂಚೆಯನ್ನು ನಂಬುವವರೇ ಹೆಚ್ಚು. ಆದರೆ ನೀಲಿ ಹಾಕಿ ತೊಳೆದ ಪಂಚೆ ನೀಲಿಗೇ ವಾಲಿರುತ್ತದೆ, ಬಣ್ಣದ ಶಾಮಿಯಾನದಡಿ ಕೂತವರ ಬಿಳಿಯೆಲ್ಲ ಶಾಮಿಯಾನದ ಬಣ್ಣವೇ. ಅಜ್ಜನ ನರೆಗೂದಲು, ಸಿಮೆಂಟ್ ನೆಲ, ಟಾರು ರಸ್ತೆ ಹೆಚ್ಚು ನಂಬಿಕಸ್ಥ ಸಾಕ್ಷಿಗಳು. ‘ಕಲರ್ ಪಿಕ್ಕರ್’ನಲ್ಲಿ ಸರಾಸರಿ ತೆಗೆಯುವ ಆಯ್ಕೆ ಹಾಕಿ ಅಲ್ಲಿ ಒತ್ತಿದರೆ ಕೆಂಪು, ಹಸಿರು, ನೀಲಿಯ ಮೂರೂ ಅಂಕಿ ಹತ್ತಿರಹತ್ತಿರ ಬರಬೇಕು.

ಚರ್ಮದಲ್ಲಿ ಕೆಂಪು ಹೆಚ್ಚು, ಹಸಿರು ಅದಕ್ಕಿಂತ ಕಡಿಮೆ, ನೀಲಿ ಎಲ್ಲಕ್ಕಿಂತ ಕಡಿಮೆ; ಗೋಧಿ ಬಣ್ಣದ ಕೆನ್ನೆಗೆ 0–255ರ ಅಳತೆಯಲ್ಲಿ 185, 135, 105ರ ಆಸುಪಾಸು. ನೀಲಿ ಹಸಿರನ್ನು ಮೀರಿದ್ದರೆ ಮೆಜೆಂಟಾ ಇನ್ನೂ ಹೋಗಿಲ್ಲ. ಅರಿಸಿನ ಹಚ್ಚಿದ ಮದುಮಗಳ ಮುಖದಲ್ಲಿ ಅಳೆಯಬೇಡಿ, ಹಿಂದಿನ ಸಾಲಿನಲ್ಲಿ ನಿಂತವರ ಕೈ ನೋಡಿ. ಆಟೊ ಬಟನ್ ಒತ್ತಿದಾಗ ಎಷ್ಟೋ ಸಲ ಕಪ್ಪಗಿದ್ದ ಸೋದರಮಾವ ಬೆಳ್ಳಗಾಗಿಬಿಡುತ್ತಾರೆ. ಅದು ರಿಪೇರಿಯಲ್ಲ, ಪೌಡರ್. ಧಾರೆ ಸೀರೆ ಇನ್ನೂ ಟ್ರಂಕಿನಲ್ಲಿದ್ದರೆ ಮಡಿಕೆಯ ಒಳಭಾಗವನ್ನು ಹಗಲು ಬೆಳಕಿನಲ್ಲಿ ಬಿಚ್ಚಿ ಪರದೆಯ ಪಕ್ಕ ಹಿಡಿಯಿರಿ. ಅದಕ್ಕಿಂತ ಒಳ್ಳೆಯ ಕಲರ್ ಚಾರ್ಟ್ ಅಂಗಡಿಯಲ್ಲಿ ಸಿಗದು.

ಗೀರು, ಚುಕ್ಕಿಗಳನ್ನು ‘ಹೀಲ್’ ಟೂಲಿನಿಂದ ತೆಗೆಯುವುದು ಬಣ್ಣ ಕೂತ ಮೇಲೆ, ಏಕೆಂದರೆ ಲೆವೆಲ್ಸ್ ಎಳೆದಾಗ ಅಡಗಿದ್ದ ಕಲೆಗಳೂ ಮೇಲೇಳುತ್ತವೆ. ಹಿಗ್ಗಿಸಿದ ಕೆಂಪು ಚಾನೆಲ್‌ನಲ್ಲಿ ಕಾಳುಕಾಳಾಗಿ ಕಂಡರೆ ಆ ಚಾನೆಲ್ ಒಂದನ್ನೇ ತುಸು ಮಸುಕುಗೊಳಿಸಿ. ಪೂರ್ತಿ ಬೆಳ್ಳಗಾಗಿ ಹೋದ ಮುಖಭಾಗ ಮಾತ್ರ ಯಾವ ಸ್ಲೈಡರಿಗೂ ಮರಳದು.

ಮೂಲ ಟಿಫ್ ಅನ್ನು ತಿದ್ದದೆ ಎರಡು ಕಡೆ ಇಡಿ. ಮನೆಯವರಿಗೆ ಹಂಚಲು ಜೆಪೆಗ್ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಇಲ್ಲದಿದ್ದರೆ ಚಿತ್ರ ಕುಗ್ಗಿ, ಜರಿ ಅಂಚಿನ ಕುಸುರಿ ಆ ಕಡೆ ತಲುಪುವುದಿಲ್ಲ.