ವಿದೇಶಿ ಬೇಸಿಗೆ ಶಾಲೆಗೆ ಅರ್ಜಿ: ಸಮಾಜ ವಿಜ್ಞಾನದ ಸಂಶೋಧನಾರ್ಥಿಗಳಿಗೊಂದು ದಾರಿ

ಯುರೋಪ್ ಮತ್ತು ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಜೂನ್‌ನಿಂದ ಆಗಸ್ಟ್‌ವರೆಗಿನ ರಜೆಯಲ್ಲಿ ಬೇಸಿಗೆ ಶಾಲೆಗಳನ್ನು ನಡೆಸಿ ಪಿಎಚ್‌.ಡಿ ವಿದ್ಯಾರ್ಥಿಗಳಿಗೆ ಸಂಶೋಧನಾ ವಿಧಾನಗಳನ್ನು ಕಲಿಸುತ್ತವೆ. ಮಿಷಿಗನ್ ವಿಶ್ವವಿದ್ಯಾಲಯದ ಐಸಿಪಿಎಸ್‌ಆರ್ ಶಾಲೆ 1963ರಿಂದ, ಇಂಗ್ಲೆಂಡಿನ ಎಸೆಕ್ಸ್ ಶಾಲೆ 1968ರಿಂದ ನಡೆಯುತ್ತಿವೆ. ಈ ಎರಡರಲ್ಲೂ ಅಂಕಿಅಂಶ ವಿಶ್ಲೇಷಣೆಗೆ ಒತ್ತು. ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದ ಶಾಲೆಯದು ಬೇರೆ ರೀತಿ. ಅಲ್ಲಿ ತೌಲನಿಕ ಅಧ್ಯಯನವೇ ಮುಖ್ಯ, ಒಂದೊಂದು ವಿಷಯಕ್ಕೆ ಒಂದೊಂದು ವಾರ. ರಿಗ್ರೆಶನ್ (ಒಂದು ಅಂಶ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಅಂಕಿಅಂಶದಿಂದ ಅಳೆಯುವ ವಿಧಾನ) ಕಲಿಯಬೇಕಾದವರು ಮೊದಲಿನ ಎರಡನ್ನು ನೋಡಲಿ. ದೇಶ, ರಾಜ್ಯ, ಜಿಲ್ಲೆಗಳನ್ನು ಹೋಲಿಸಿ ವಾದ ಕಟ್ಟುವವರಿಗೆ ಓಸ್ಲೋ ಮಾದರಿ ಹೆಚ್ಚು ಒಗ್ಗುತ್ತದೆ.

ಹೋಗಬೇಕಾದ್ದು ಯಾವ ವರ್ಷ? ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ಒಪ್ಪಿಗೆಯಾಗಿ, ಕ್ಷೇತ್ರಕಾರ್ಯ ಇನ್ನೂ ಮುಗಿಯದ ವರ್ಷ. ಮೊದಲ ವರ್ಷವೇ ಹೋದರೆ ಕೇಳಲು ಪ್ರಶ್ನೆಗಳೇ ಇರುವುದಿಲ್ಲ. ದತ್ತಾಂಶವೆಲ್ಲ ಕೈಸೇರಿದ ಮೇಲೆ ಹೋದರೆ, ಪ್ರಕರಣಗಳ (ಹೋಲಿಸಲು ಆರಿಸಿಕೊಂಡ ದೇಶ, ರಾಜ್ಯ, ಜಿಲ್ಲೆಗಳ) ಆಯ್ಕೆಯಲ್ಲೇ ತಪ್ಪಿದೆ ಎಂದು ತಿಳಿದರೂ ತಿದ್ದಲಾಗದು.

ಅರ್ಜಿಯ ಒಂದು ಪುಟ

ಅರ್ಜಿಯ ಜೊತೆ ಸಾಮಾನ್ಯವಾಗಿ ಸಂಶೋಧನೆಯ ಸಾರಾಂಶ ಕೇಳುತ್ತಾರೆ. ನಮ್ಮ ಹೆಚ್ಚಿನ ಅರ್ಜಿಗಳು ಸೋಲುವುದು ಇಲ್ಲೇ. ವಿಷಯದ ಮಹತ್ವ ಹೇಳುವುದಕ್ಕೇ ಅರ್ಧ ಪುಟ ಹೋಗಿರುತ್ತದೆ. ಯಾವುದನ್ನು ಯಾವುದರ ಜೊತೆ ಹೋಲಿಸುತ್ತೇವೆ, ಏಕೆ ಎಂಬುದು ಎಲ್ಲೂ ಕಾಣುವುದಿಲ್ಲ.

ಪಂಚಾಯತ್ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ. ಪಶ್ಚಿಮ ಬಂಗಾಳದಲ್ಲಿ 1978ರಲ್ಲಿ ಪಂಚಾಯತ್ ಚುನಾವಣೆ ನಡೆಯಿತು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಮುತುವರ್ಜಿಯಿಂದ ಕರ್ನಾಟಕದಲ್ಲಿ 1983ರ ಕಾಯ್ದೆ ರೂಪುಗೊಂಡಿತು, ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಾಯಿತು, 1987ರಲ್ಲಿ ಚುನಾವಣೆ ನಡೆಯಿತು. ಎರಡೂ ರಾಜ್ಯಗಳಲ್ಲಿ ಅಧಿಕಾರ ಹಿಡಿದದ್ದು ಕಾಂಗ್ರೆಸ್ಸೇತರ ಸರ್ಕಾರ. ಹಾಗಾದರೆ ವಿಕೇಂದ್ರೀಕರಣಕ್ಕೆ ಅದೇ ಕಾರಣ ಎಂದು ಬರೆದುಬಿಡಬಹುದೇ? ಆಗದು. ಯಶಸ್ಸು ಕಂಡ ರಾಜ್ಯಗಳನ್ನಷ್ಟೇ ಆಯ್ದುಕೊಂಡರೆ, ಅದೇ ಕಾರಣ ಇದ್ದೂ ಫಲ ಬಾರದ ಕಡೆ ಏನಾಯಿತು ಎಂಬುದು ಕಣ್ಣಿಗೆ ಬೀಳುವುದೇ ಇಲ್ಲ. ಬಿಹಾರದಲ್ಲಿ 1978ರ ನಂತರದ ಪಂಚಾಯತ್ ಚುನಾವಣೆ ನಡೆದದ್ದು 2001ರಲ್ಲಿ. ಆ ನಡುವಿನ ಹಲವು ವರ್ಷ ಅಲ್ಲಿಯೂ ಕಾಂಗ್ರೆಸ್ಸೇತರ ಸರ್ಕಾರವೇ ಇತ್ತು. ಬಿಹಾರವನ್ನು ಮೂರನೆಯ ಪ್ರಕರಣವಾಗಿ ಸೇರಿಸಿದ ಕೂಡಲೇ ಮೊದಲಿನ ವಾದ ಅಲುಗಾಡುತ್ತದೆ, ನಿಜವಾದ ಸಂಶೋಧನೆ ಶುರುವಾಗುತ್ತದೆ. ಆಯ್ಕೆ ಸಮಿತಿ ಸಾರಾಂಶದಲ್ಲಿ ಹುಡುಕುವುದು ಇಂಥ ಪ್ರಕರಣವನ್ನೇ.

ಹಾಗಾಗಿ ಸಾರಾಂಶದಲ್ಲಿ ನಾಲ್ಕು ಸಂಗತಿಗಳಿರಲಿ: ಒಂದೇ ವಾಕ್ಯದ ಪ್ರಶ್ನೆ, ಆಯ್ದ ಪ್ರಕರಣಗಳು, ಅವುಗಳಲ್ಲಿ ಫಲ ಬಾರದ ಒಂದಾದರೂ ಪ್ರಕರಣ, ಈ ಕೋರ್ಸಿನಿಂದ ಯಾವ ಅಧ್ಯಾಯಕ್ಕೆ ಏನು ಬೇಕು ಎಂಬ ಸ್ಪಷ್ಟ ಮಾತು. ಗೈಡ್ ಅವರ ಶಿಫಾರಸು ಪತ್ರವನ್ನೂ ಕೇಳಿದ್ದರೆ ಅವರಿಗೆ ಮೂರು ವಾರ ಮೊದಲೇ ಈ ಪುಟ ಕೊಡಿ. ಪುಟ ನೋಡದೆ ಬರೆದ ಪತ್ರ ಯಾವ ವಿದ್ಯಾರ್ಥಿಗಾದರೂ ಹೊಂದುವಂತಿರುತ್ತದೆ.

ಹಣ, ರಜೆ, ವೀಸಾ

ಶುಲ್ಕ, ವಸತಿ, ವಿಮಾನ, ವಿಮೆ, ವೀಸಾ ಈ ಐದನ್ನೂ ಬೇರೆ ಬೇರೆ ಬರೆದು ಲೆಕ್ಕ ಹಾಕಿ. ಶುಲ್ಕ ಮನ್ನಾ ಸಿಕ್ಕರೂ ಉಳಿದ ನಾಲ್ಕು ನಿಮ್ಮ ತಲೆಯ ಮೇಲೇ ಇರುತ್ತವೆ. ವೀಸಾ ಸಿಗದಿದ್ದರೆ ಶುಲ್ಕ ವಾಪಸ್ ಉಂಟೇ ಎಂದು ಹಣ ಕಟ್ಟುವ ಮೊದಲೇ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ಜುಲೈನಲ್ಲಿ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪಾಠ ನಡೆಯುತ್ತಿರಬಹುದು. ರಜೆ ಮಂಜೂರಾತಿ ಮತ್ತು ಎನ್‌ಒಸಿ ಕಡತ ವಿಭಾಗದಿಂದ ರಿಜಿಸ್ಟ್ರಾರ್ ಕಚೇರಿ ತಲುಪಿ ಹಿಂತಿರುಗಲು ವಾರಗಳೇ ಹಿಡಿಯುತ್ತವೆ. ಪ್ರವೇಶ ಪತ್ರ ಬಂದ ದಿನವೇ ಅರ್ಜಿ ಕೊಡುವುದು ಒಳ್ಳೆಯದು.

ನಾರ್ವೆ ಐರೋಪ್ಯ ಒಕ್ಕೂಟದಲ್ಲಿಲ್ಲ, ಆದರೆ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ವ್ಯಾಪ್ತಿಯಲ್ಲಿದೆ. ಷೆಂಗೆನ್ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ತಡವೆಂದರೆ 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನ ಬೇಕು. ಮೇ, ಜೂನ್‌ನಲ್ಲಿ ಪ್ರವಾಸಿಗರ ನೂಕುನುಗ್ಗಲಿರುವುದರಿಂದ ಬೆರಳಚ್ಚು ಕೊಡುವ ದಿನವನ್ನು ಏಪ್ರಿಲ್‌ನಲ್ಲೇ ಗೊತ್ತುಮಾಡಿಕೊಳ್ಳಿ. ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು, ಹಿಂತಿರುಗುವ ದಿನದ ನಂತರವೂ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ವಿಮೆಯ ಮೊತ್ತ ಕನಿಷ್ಠ 30,000 ಯೂರೊ. ಅರ್ಜಿ ತಿರಸ್ಕಾರಕ್ಕೆ ಎರಡು ದಾರಿಗಳು ಬಹಳ ಸುಲಭ: ವಿಮೆ ಹಿಂತಿರುಗುವ ದಿನಕ್ಕಿಂತ ಮೊದಲೇ ಮುಗಿಯುವುದು, ಮತ್ತು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹಿಂದಿನ ವಾರ ದಿಢೀರನೆ ದೊಡ್ಡ ಮೊತ್ತ ಜಮೆಯಾಗಿರುವುದು. ತಂದೆ-ತಾಯಿ ಖರ್ಚು ಭರಿಸುವುದಾದರೆ ಅವರದೇ ಖಾತೆಯ ಸ್ಟೇಟ್‌ಮೆಂಟ್ ಮತ್ತು ಒಪ್ಪಿಗೆ ಪತ್ರ ಲಗತ್ತಿಸಿ. ವೀಸಾ ಬರುವ ತನಕ ವಿಮಾನಕ್ಕೆ ಬುಕಿಂಗ್ ಪ್ರತಿ ಸಾಕು, ಹಣ ಮರಳದ ಟಿಕೆಟ್ ಕೊಳ್ಳಬೇಡಿ.

ಹೊರಡುವ ಮೊದಲಿನ ಓದು

ಯುರೋಪಿನ ವಿಶ್ವವಿದ್ಯಾಲಯಗಳು ಬಳಸುವ ಕ್ರೆಡಿಟ್ ಅಳತೆಯ ಹೆಸರು ಇಸಿಟಿಎಸ್. ಒಂದು ಇಸಿಟಿಎಸ್ ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ದುಡಿಮೆ. 10 ಕ್ರೆಡಿಟ್‌ನ ಕೋರ್ಸಿಗೆ 250ರಿಂದ 300 ಗಂಟೆ ಬೇಕು. ಒಂದು ವಾರದ ತರಗತಿಯಲ್ಲಿ ಕೂರುವುದು ಹೆಚ್ಚೆಂದರೆ ಮೂವತ್ತು ನಲವತ್ತು ಗಂಟೆ. ಮಿಕ್ಕದ್ದೆಲ್ಲ ಮೊದಲಿನ ಓದು, ನಂತರದ ಬರಹ. ಓದದೆ ಹೋದವರು ಮಂಗಳವಾರದ ಹೊತ್ತಿಗೇ ಹಿಂದುಳಿಯುತ್ತಾರೆ, ಶುಕ್ರವಾರದೊಳಗೆ ಚೇತರಿಸಿಕೊಳ್ಳಲು ಸಮಯವಿರುವುದಿಲ್ಲ. ಓದಿನ ಪಟ್ಟಿ ಬಂದ ಕೂಡಲೇ ದಿನಕ್ಕೆರಡು ಗಂಟೆ ಮೀಸಲಿಡಿ. ಅಂಕಿಅಂಶ ವಿಶ್ಲೇಷಣೆಯ ‘ಆರ್’ ತಂತ್ರಾಂಶ, ಪ್ಯಾಕೇಜ್‌ಗಳು, ದತ್ತಾಂಶದ ಕಡತಗಳು ಎಲ್ಲವನ್ನೂ ಊರಿನಲ್ಲೇ ಇಳಿಸಿಕೊಂಡು ಒಮ್ಮೆ ಓಡಿಸಿ ನೋಡಿ.

ಗುಣಾತ್ಮಕ ತೌಲನಿಕ ವಿಶ್ಲೇಷಣೆ, ಅಂದರೆ ಯಾವ ಕಾರಣಗಳು ಒಟ್ಟಿಗಿದ್ದರೆ ಫಲ ಬರುತ್ತದೆ ಎಂದು ಪ್ರಕರಣಗಳನ್ನು ಹೋಲಿಸಿ ನೋಡುವ ಕ್ಯೂಸಿಎ, ಆಯ್ದುಕೊಂಡವರು ಇನ್ನೂ ಒಂದು ಲೆಕ್ಕ ಮಾಡಿಕೊಂಡು ಹೋಗಬೇಕು. ಪ್ರತಿ ಕಾರಣವೂ ಇದೆ ಅಥವಾ ಇಲ್ಲ ಎಂದು ಹಿಡಿದರೆ, ಕಾರಣಗಳು ಐದಾದಾಗ ಸಾಧ್ಯವಿರುವ ಜೋಡಣೆಗಳು 32. ಕೋಷ್ಟಕದಲ್ಲಿ ಜೋಡಣೆಗೊಂದು ಸಾಲು. ಕರ್ನಾಟಕದ ಜಿಲ್ಲೆಗಳು 31. ಜೋಡಣೆಗೊಂದು ಜಿಲ್ಲೆಯೂ ಸಿಗದು, ಹಲವು ಸಾಲುಗಳು ಖಾಲಿ ಉಳಿಯುತ್ತವೆ, ಆ ಖಾಲಿ ಸಾಲುಗಳ ಬಗ್ಗೆ ಮಾಡುವ ಊಹೆಯೇ ಫಲಿತಾಂಶವನ್ನು ನಿರ್ಧರಿಸತೊಡಗುತ್ತದೆ. ಮೂರು ಅಥವಾ ನಾಲ್ಕು ಕಾರಣಗಳಿಗೆ ಇಳಿಸಿ. ನಾಲ್ಕಾದರೆ ಸಾಲುಗಳು 16. ಫಜ್ಜಿ ಸೆಟ್ (ಇದೆ, ಇಲ್ಲ ಎನ್ನುವ ಬದಲು 0ರಿಂದ 1ರವರೆಗೆ ಅಂಕ ಕೊಡುವ ಕ್ರಮ) ಬಳಸುವಾಗ ಯಾವ ಜಿಲ್ಲೆಗೂ ಸರಿಯಾಗಿ 0.5 ಅಂಕ ಬೀಳದಂತೆ ನೋಡಿಕೊಳ್ಳಿ. ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಆ ಜಿಲ್ಲೆ ಯಾವ ಸಾಲಿಗೂ ಸೇರದೆ ಕೋಷ್ಟಕದಿಂದಲೇ ಬಿಟ್ಟುಹೋಗುತ್ತದೆ. ಅಂಕ ಕೊಡುವ ಮಿತಿಗಳನ್ನು ಸರಾಸರಿ ನೋಡಿ ಹಾಕಬೇಡಿ. ಸಾಕ್ಷರತೆ ಎಷ್ಟಿದ್ದರೆ ‘ಹೆಚ್ಚು’ ಎಂಬುದನ್ನು ವಿಷಯದ ಅರಿವಿನಿಂದ ತೀರ್ಮಾನಿಸಿ, ಕಾರಣವನ್ನು ಬರೆದಿಟ್ಟುಕೊಳ್ಳಿ. ತರಗತಿಯಲ್ಲಿ ಅದನ್ನು ಕೇಳಿಯೇ ಕೇಳುತ್ತಾರೆ.

ಪ್ರಬಂಧ ಮತ್ತು ಕ್ರೆಡಿಟ್

ನಿಮ್ಮ ವಿನ್ಯಾಸದ ಬಗ್ಗೆ ಬಂದ ಆಕ್ಷೇಪಗಳನ್ನು ಅಂದೇ ಸಂಜೆ ಬರೆದುಕೊಳ್ಳಿ. ಕೋರ್ಸು ಮುಗಿದ ಮೇಲೆ ಸಲ್ಲಿಸುವ ಪ್ರಬಂಧಕ್ಕೆ ಅವೇ ಬುನಾದಿ. ಪ್ರಬಂಧಕ್ಕೆ ಹೊಸ ವಿಷಯ ಹುಡುಕದೆ ಮಹಾಪ್ರಬಂಧದ ವಿಧಾನ ಅಧ್ಯಾಯವನ್ನೇ ಬರೆಯಿರಿ. ಪ್ರಬಂಧಕ್ಕೂ ಅಂಕವಿರುವ ಶಾಲೆಗಳಲ್ಲಿ ಅದನ್ನು ಕೊಡದಿದ್ದರೆ ಪೂರ್ಣ ಕ್ರೆಡಿಟ್ ಸಿಗುವುದಿಲ್ಲ.

ಯುಜಿಸಿಯ 2022ರ ನಿಯಮದಂತೆ ಪಿಎಚ್‌.ಡಿ ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್ ಬೇಕು. ಇಸಿಟಿಎಸ್ ಕ್ರೆಡಿಟ್ ಇಲ್ಲಿ ತಾನಾಗಿ ಸೇರಿಕೊಳ್ಳುವುದಿಲ್ಲ, ಎರಡರ ಅಳತೆಯೂ ಬೇರೆ. ಎಷ್ಟನ್ನು ಒಪ್ಪುತ್ತಾರೆ ಎಂದು ಹೊರಡುವ ಮೊದಲೇ ಡಾಕ್ಟೊರಲ್ ಸಮಿತಿಯಿಂದ ಲಿಖಿತವಾಗಿ ಪಡೆದುಕೊಳ್ಳಿ. ಬಂದ ಮೇಲೆ ಪ್ರಮಾಣಪತ್ರದ ಜೊತೆ ಪಠ್ಯಕ್ರಮ ಮತ್ತು ತರಗತಿಯ ಗಂಟೆಗಳ ವಿವರವನ್ನೂ ಸಲ್ಲಿಸಿ.