ಗಾಡಿ ಟ್ಯಾಕ್ಸ್ ಕಟ್ಟಿದ್ದೀರಿ, ಸರಿ. ತೋರಿಸುವುದು ಹೇಗೆ?

ನಿಮ್ಮ ಕಾರಿನ ಮುಂದಿನ ಗಾಜನ್ನು ಒಮ್ಮೆ ನೋಡಿ. ಫಾಸ್ಟ್ಯಾಗ್, ಅಪಾರ್ಟ್‌ಮೆಂಟಿನ ಪಾಸು, ದೇವರ ಸ್ಟಿಕ್ಕರು, ಜೊತೆಗೆ ನಂಬರ್ ಇರುವ ಒಂದು ಬಣ್ಣದ ಚೀಟಿ. ಟ್ಯಾಕ್ಸ್ ಕಟ್ಟಿದ್ದಕ್ಕೆ ಇವುಗಳಲ್ಲಿ ಯಾವುದೂ ಪುರಾವೆ ಅಲ್ಲ. ಆ ಬಣ್ಣದ ಚೀಟಿಯನ್ನು ಎಷ್ಟೋ ಜನ ಟ್ಯಾಕ್ಸ್ ಸ್ಟಿಕ್ಕರ್ ಅಂದುಕೊಂಡಿದ್ದಾರೆ. ಅದು ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನಂಬರ್ ಪ್ಲೇಟಿನ ಜೊತೆ ಬರುವಂಥದ್ದು. ಪೆಟ್ರೋಲ್, ಸಿಎನ್‌ಜಿ ಗಾಡಿಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ. ಟ್ಯಾಂಕಿನಲ್ಲಿ ಏನಿದೆ ಅಂತ ಹೇಳುತ್ತದೆ, ಅಷ್ಟೇ.

ಬ್ರಿಟನ್ನಿನಲ್ಲಿ ತೆರಿಗೆಯ ದುಂಡನೆಯ ಚೀಟಿಯನ್ನು ಗಾಜಿಗೆ ಅಂಟಿಸಲೇಬೇಕಿತ್ತು. 1921ರಿಂದ ನಡೆದುಬಂದ ಆ ಪದ್ಧತಿಯನ್ನು 2014ರ ಅಕ್ಟೋಬರ್ 1ರಿಂದ ಅವರೂ ಕೈಬಿಟ್ಟರು. ಈಗ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಸಾಕು. ನಮ್ಮಲ್ಲಿ ಸ್ವಂತ ಬಳಕೆಯ ಕಾರು, ಬೈಕಿನವರಿಗೆ ಅಂಟಿಸುವ ತಲೆನೋವೇ ಇಲ್ಲ. ಕರ್ನಾಟಕದಲ್ಲಿ ಇವಕ್ಕೆ ನೋಂದಣಿ ಹೊತ್ತಿನಲ್ಲೇ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿಸಿಕೊಳ್ಳುತ್ತಾರೆ. ಅದು ಆರ್‌ಸಿಯಲ್ಲೇ (ನೋಂದಣಿ ಪತ್ರ) ನಮೂದಾಗಿರುತ್ತದೆ. ಅಂಟಿಸುವುದು ಬೇಡ, ಕೇಳಿದಾಗ ಆರ್‌ಸಿ ತೋರಿಸಬೇಕು.

ಕೇಳುವ ಹಕ್ಕು ಯಾರಿಗಿದೆ? ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಮತ್ತು ಸರ್ಕಾರ ಅಧಿಕಾರ ಕೊಟ್ಟ ಸಾರಿಗೆ ಇಲಾಖೆಯವರಿಗೆ. ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮ ಇದನ್ನು ಹೇಳುತ್ತದೆ. ಆರ್‌ಸಿ, ಡಿಎಲ್, ಇನ್ಶೂರೆನ್ಸ್, ಹೊಗೆ ತಪಾಸಣೆಯ ಸರ್ಟಿಫಿಕೇಟ್ ತೋರಿಸಬೇಕು. ಬಾಡಿಗೆ ಗಾಡಿಯಾದರೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್), ಪರ್ಮಿಟ್ ಕೂಡ. 2018ರ ನವೆಂಬರಿನ ತಿದ್ದುಪಡಿ ಬಂದಮೇಲೆ ಕಾಗದದಲ್ಲಾದರೂ ಸರಿ, ಎಲೆಕ್ಟ್ರಾನಿಕ್ ರೂಪದಲ್ಲಾದರೂ ಸರಿ.

ಇಲ್ಲೇ ಜಾಸ್ತಿ ಜನ ಎಡವುವುದು. ನಾನೂ ಎಡವಿದ್ದೇನೆ. ಆರ್‌ಸಿಯ ಫೋಟೊ ಗ್ಯಾಲರಿಯಲ್ಲಿದೆ ಅಂತ ಧೈರ್ಯವಾಗಿದ್ದೆ. ಚೆಕಿಂಗ್‌ನಲ್ಲಿ, ಮದುವೆ ಫೋಟೊಗಳ ನಡುವೆ ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಹಿಂದೆ ಐದಾರು ಬೈಕು ನಿಂತಿದ್ದವು. ಕೊನೆಗೆ ಸಿಕ್ಕಿತು. 'ಇದು ಬರೀ ಫೋಟೊ ಸಾರ್, ಡಿಜಿಲಾಕರ್ ಇಲ್ವಾ?' ಅಂದರು ಪೊಲೀಸರು. ಅವರು ಕೇಳಿದ್ದು ಸರಿಯೇ. ಡಿಜಿಲಾಕರ್ ಅಥವಾ ಎಂಪರಿವಾಹನ್ ಎಂಬ ಸರ್ಕಾರಿ ಆ್ಯಪ್‌ಗಳಲ್ಲಿ ಇಲಾಖೆಯಿಂದಲೇ ಬಂದ ದಾಖಲೆಗೆ ಮಾತ್ರ ಮೂಲ ದಾಖಲೆಯ ಬೆಲೆ. ನೀವೇ ಸ್ಕ್ಯಾನ್ ಮಾಡಿ ಡಿಜಿಲಾಕರ್‌ಗೆ ಹಾಕಿಕೊಂಡಿದ್ದರೂ ಅದು ಬರೀ ಫೋಟೊನೇ.

ಹಾಗಾಗಿ ಮನೆಯಲ್ಲಿ ಕೂತು ಮಾಡಬೇಕಾದ ಕೆಲಸ ಇದು. ಡಿಜಿಲಾಕರ್‌ಗೆ ಆಧಾರ್ ಮೂಲಕ ಲಾಗಿನ್ ಆಗಿ. ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವನ್ನು ಹುಡುಕಿ, ವಾಹನ ನೋಂದಣಿ ಆರಿಸಿ. ಗಾಡಿ ನಂಬರ್, ಪೂರ್ತಿ ಚಾಸಿ ನಂಬರ್ ಹಾಕಿ. ಈಗಿನ ಗಾಡಿಗಳ ಚಾಸಿ ನಂಬರ್ 17 ಅಕ್ಷರ, ಅಂಕಿಗಳದ್ದು. ಇದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಅಂದರೆ ದುಂಡಗೆ ಕಂಡದ್ದು ಸೊನ್ನೆ, ನೆಟ್ಟಗೆ ನಿಂತದ್ದು ಒಂದು. ಇಷ್ಟು ನೆನಪಿಟ್ಟುಕೊಂಡರೆ ನಾಲ್ಕೈದು ಸಲ ಟೈಪ್ ಮಾಡುವುದು ತಪ್ಪುತ್ತದೆ.

ಆದರೂ ದಾಖಲೆ ಬರಲಿಲ್ಲವೇ? ಹೆಸರು ನೋಡಿ. ಆಧಾರ್‌ನಲ್ಲಿ ಇನಿಷಿಯಲ್ ಕೊನೆಗೆ, ಆರ್‌ಸಿಯಲ್ಲಿ ಮೊದಲಿಗೆ. ನಮ್ಮ ಕಡೆ ಇದು ಮನೆಮನೆಯ ಕತೆ. ಎರಡೂ ಕಡೆ ಹೆಸರು ಹೊಂದಿಕೆಯಾಗದಿದ್ದರೆ ಡಿಜಿಲಾಕರ್ ಕೊಡುವುದಿಲ್ಲ. ಆಗ ಎಂಪರಿವಾಹನ್ ಪ್ರಯತ್ನಿಸಿ. ಅದು ಚಾಸಿ ಮತ್ತು ಎಂಜಿನ್ ನಂಬರಿನ ಕೊನೆಯ ಅಂಕಿಗಳನ್ನು ಕೇಳುತ್ತದೆ.

ಆರ್‌ಸಿ ಬಂದಮೇಲೆ ತೆರಿಗೆಯ ಸಾಲು ನೋಡಿ. ಎಲ್‌ಟಿಟಿ ಅಂತಿದ್ದರೆ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದೆ ಎಂದರ್ಥ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಮುಂಗಡ ಕೊಡುವ ಮುಂಚೆ ಈ ಸಾಲನ್ನು ನೋಡಲೇಬೇಕು.

ಹಳದಿ ಬೋರ್ಡಿನವರ ಲೆಕ್ಕ ಬೇರೆ. ಬಸ್ಸು, ಲಾರಿಯಂಥ ಗಾಡಿಗಳಿಗೆ ಅವಧಿಗೊಮ್ಮೆ ತೆರಿಗೆ ಕಟ್ಟುವುದಿರುತ್ತದೆ. ಲಾರಿ ಬದಿಯಲ್ಲಿ ಎಫ್‌ಸಿ, ಟ್ಯಾಕ್ಸ್ ತಾರೀಕು ಪೇಂಟ್ ಮಾಡಿರುವುದನ್ನು ನೋಡಿರುತ್ತೀರಿ, ಅಲ್ವಾ? ಅದನ್ನು ನಂಬಿ ರಸೀದಿ ಮನೆಯಲ್ಲಿ ಬಿಟ್ಟು ಬರಬೇಡಿ. ಈ ಅವಧಿಯ ರಸೀದಿ ಗಾಡಿಯಲ್ಲೇ ಇರಲಿ.

ಹೊರರಾಜ್ಯದ ನಂಬರಿನ ಗಾಡಿ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ, ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟರೆ ಅಲ್ಲಿನ ನಂಬರ್ ಮಾಡಿಸಬೇಕು. ಗಾಡಿ ಯಾವಾಗ ಬಂತು ಅನ್ನುವುದಕ್ಕೆ ಟೋಲ್ ಕಟ್ಟಿದ ಫಾಸ್ಟ್ಯಾಗ್ ಸ್ಟೇಟ್‌ಮೆಂಟೋ, ರೈಲ್ವೆ ಪಾರ್ಸೆಲ್ ರಸೀದಿಯೋ ಇಟ್ಟುಕೊಳ್ಳಿ. ಬಾಯಿಮಾತಲ್ಲಿ 'ಈಗಷ್ಟೇ ಬಂದೆ' ಅಂದರೆ ಸುಮ್ನೆ ವಾದ ಬೆಳೆಯುತ್ತದೆ.

ನೆಟ್‌ವರ್ಕ್ ಸಿಗದ ಘಾಟಿ ಕಡೆ ಹೊರಟಿದ್ದರೆ ಆರ್‌ಸಿ, ಡಿಎಲ್ ಕಾರ್ಡನ್ನೇ ಜೇಬಿಗಿಳಿಸಿ. ಅದೂ ಮರೆತು, ಫೋನಿನ ಚಾರ್ಜೂ ಮುಗಿದಿದ್ದರೆ ಅಲ್ಲೇ ಜಗಳಕ್ಕೆ ನಿಲ್ಲಬೇಡಿ. ದೃಢೀಕರಿಸಿದ ಪ್ರತಿಯನ್ನು 15 ದಿನದೊಳಗೆ, ಕೇಳಿದ ಅಧಿಕಾರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಲು ಅದೇ 139ನೇ ನಿಯಮದಲ್ಲಿ ದಾರಿ ಇದೆ. ಅಧಿಕಾರಿಯ ಹೆಸರು, ಠಾಣೆ, ತಾರೀಕು ಬರೆದುಕೊಳ್ಳಿ. ಪೋಸ್ಟ್ ರಸೀದಿ ಬಿಸಾಡಬೇಡಿ.